ಪಿಳ್ಳಮ್ಮನ ಹ್ಞೂ

ಆ ಇಂಗ್ಲಿಷ್ ಸಿನಿಮಾ ಶುರುವಾದಾಗ ಮುನಿರತ್ನಮ್ಮ ನಡುಮನೆಯಲ್ಲಿ ಕೂತು ಅವರೆಕಾಳು ಹಿತುಕುತ್ತಿದ್ದಳು. ನೆನೆಸಿದ ಕಾಳನ್ನು ಎರಡು ಬೆರಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಪಾತ್ರೆಗೆ ಜಾರುತ್ತದೆ. ಆ ಕೆಲಸಕ್ಕೆ ಕಣ್ಣು ಬೇಕಿಲ್ಲ, ತಲೆಯಂತೂ ಬೇಡವೇ ಬೇಡ. ಹಾಗಾಗಿ ಅವಳ ಕಣ್ಣು ಟೀವಿಯ ಮೇಲಿತ್ತು. ಹೊಲಗಳು ಏರ್‌ಪೋರ್ಟಿನ ರಸ್ತೆಗೆ ಹೋಗುತ್ತವೆಂದು ಗೊತ್ತಾದ ವರ್ಷ ಆ ಊರಿನಲ್ಲಿ ಮನೆಮನೆಗೂ ದೊಡ್ಡ ಟೀವಿ ಬಂದಿತ್ತು. ಹೊಲ ಇದ್ದಾಗ ಹೊಲ ನೋಡುತ್ತಿದ್ದರು. ಇನ್ನು ಗೋಡೆ ನೋಡಬೇಕಲ್ಲ, ಗೋಡೆಯ ಮೇಲೆ ಏನಾದರೂ ಅಲ್ಲಾಡುತ್ತಿರಲಿ ಎಂದು ತಂದುಕೊಂಡಿದ್ದರು.

ಭಾನುವಾರದ ಮಧ್ಯಾಹ್ನ. ಗಂಡ ಚಿಕ್ಕವೆಂಕಟಪ್ಪ ಜಗಲಿಯ ಮೇಲೆ ಮಲಗಿದ್ದ. ಮುನಿರತ್ನಮ್ಮನ ಪಕ್ಕದಲ್ಲಿ ಮಗಳು ಮಾನಸ. ದೊಡ್ಡಬಳ್ಳಾಪುರದ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದಳು. ಅವಳಿಗೆ ಇಂಗ್ಲಿಷ್ ಪೂರ್ತಿ ಬರುತ್ತದೆ ಎಂದು ಮನೆಯವರೆಲ್ಲ ನಂಬಿದ್ದರು, ನೋಡುತ್ತ ನೋಡುತ್ತ ಅವಳೂ ನಂಬಿಬಿಟ್ಟಿದ್ದಳು.

"ತುಂಬಾ ಹಳೇದು ಕಣಮ್ಮ ಇದು. ಮೊದ್ಲು ಪುಸ್ತಕವಂತೆ, ಆಮೇಲೆ ಹಾಲಿವುಡ್‌ನೋರು ಪಿಕ್ಚರ್ ಮಾಡವ್ರೆ. ಆಗಿನ ಕಾಲದೋರು ಹೆದರ್ಕೋತಿದ್ರೇನೋ, ಈಗ ನೋಡಿದ್ರೆ ನಗು ಬರುತ್ತೆ."

ಬಣ್ಣವಿಲ್ಲದ ಸಿನಿಮಾ. ಬೆಟ್ಟದ ಮೇಲೊಂದು ಕಲ್ಲಿನ ಬಂಗಲೆ, ಒಳಗೆ ಮೇಣದ ಬತ್ತಿ ಹಿಡಿದು ಓಡಾಡುವ ಜನ. ಇಷ್ಟು ದೊಡ್ಡ ಮನೆ ಕಟ್ಟಿಸಿದವರು ಒಂದು ಲಾಟೀನು ತರಬಾರದಿತ್ತೇ ಎಂದು ಮುನಿರತ್ನಮ್ಮ ಕೇಳಿದ್ದಕ್ಕೆ ಮಾನಸ ಸುಮ್ಮನಿರಮ್ಮ ಎಂದಳು. ಬಂಗಲೆಯ ದೊರೆಗೆ ಒಬ್ಬಳು ಹೆಂಡತಿ, ಬಿಳಿ ಗೌನಿನವಳು. ಅವಳಿಗೆ ಒಂದು ವಿಚಿತ್ರ ಕಾಯಿಲೆ. ನಿಂತಲ್ಲೇ ಬಿದ್ದುಬಿಡುತ್ತಾಳೆ, ಉಸಿರು ಕಾಣುವುದಿಲ್ಲ, ನಾಡಿ ಸಿಗುವುದಿಲ್ಲ, ಡಾಕ್ಟರು ಮೂಗಿನ ಹತ್ತಿರ ಕನ್ನಡಿ ಹಿಡಿದರೂ ಮಸುಕಾಗುವುದಿಲ್ಲ. ಆಮೇಲೆ ಯಾವಾಗಲೋ ತಾನಾಗಿ ಕಣ್ಣು ಬಿಡುತ್ತಾಳೆ. ಅವಳು ಗಂಡನ ಕೈ ಹಿಡಿದು ಏನೋ ಬೇಡಿಕೊಂಡಳು.

"ನಾನು ಸತ್ತೆ ಅಂತ ನೀವು ಅಂದ್ಕೊಂಡ್ರೂ ನನ್ನ ಬೆರಳಿಗೆ ಒಂದು ದಾರ ಕಟ್ಟಿ, ಹೊರಗಡೆ ಗಂಟೆ ತೂಗು ಹಾಕಿ ಅಂತವ್ಳೆ. ಎಚ್ಚರ ಆದ್ರೆ ಬಾರಿಸ್ತಾಳಂತೆ," ಎಂದು ಮಾನಸ ಕನ್ನಡದಲ್ಲಿ ಹೇಳಿದಳು.

ದೊರೆ ತಲೆಯಾಡಿಸಿದ. ಆದರೆ ಅವಳು ಬಿದ್ದ ದಿನ ದಾರವನ್ನೂ ಕಟ್ಟಲಿಲ್ಲ, ಗಂಟೆಯನ್ನೂ ಕಟ್ಟಲಿಲ್ಲ. ನೆಲಮಾಳಿಗೆಯಲ್ಲಿ ಕಲ್ಲಿನ ಪೆಟ್ಟಿಗೆಯೊಳಗೆ ಮಲಗಿಸಿ ಮೇಲೆ ಚಪ್ಪಡಿ ಎಳೆದ. ಹಸುವಿನ ಕೊರಳಿಗೂ ಗಂಟೆ ಕಟ್ಟುತ್ತೇವಲ್ಲ, ಎಂದುಕೊಂಡಳು ಮುನಿರತ್ನಮ್ಮ. ಸಿನಿಮಾದ ಕೊನೆಗೆ ಆ ದೊರೆ ಹುಚ್ಚನಂತಾಗಿ ಚಪ್ಪಡಿ ಸರಿಸಿದ. ಬಿಳಿ ಗೌನಿನವಳು ಬೋರಲು ಬಿದ್ದಿದ್ದಳು. ಬೆರಳುಗಳಲ್ಲಿ ಉಗುರಿರಲಿಲ್ಲ.

ಮಾನಸ ನಕ್ಕಳು. "ಮೇಕಪ್ ನೋಡಮ್ಮ, ಎಷ್ಟು ಕೆಟ್ಟದಾಗಿ ಮಾಡವ್ರೆ."

ಮುನಿರತ್ನಮ್ಮನ ಕೈ ಕಾಳಿನ ಪಾತ್ರೆಯಲ್ಲೇ ನಿಂತಿತ್ತು. "ಆವಮ್ಮ ಯಾಕೆ ಬೋರಲು ಬಿದ್ದವ್ಳೆ? ಅಂಗಾತ ತಾನೆ ಮಲಗಿಸಿದ್ದು?"

"ಒಳಗೆ ಎಚ್ಚರ ಆಗೈತೆ. ಬೆನ್ನು ಕೊಟ್ಟು ಕಲ್ಲೆತ್ತೋಕೆ ನೋಡವ್ಳೆ, ಆಗಿಲ್ಲ."

"ಅಂಥ ಕಾಯಿಲೆ ನಿಜವಾಗ್ಲೂ ಇರುತ್ತಾ?"

"ಇರುತ್ತಂತೆ ಕಣಮ್ಮ. ಡಾಕ್ಟರ್ಗಳೇ ಮೋಸ ಹೋಗವ್ರಂತೆ ಆಗಿನ ಕಾಲ್ದಲ್ಲಿ," ಎಂದು ಮಾನಸ ರಿಮೋಟ್ ತೆಗೆದುಕೊಂಡು ಹಾಡಿನ ಚಾನಲ್ ಹಾಕಿದಳು. ಅವಳ ಪಾಲಿಗೆ ಸಿನಿಮಾ ಮುಗಿದಿತ್ತು.

ಮುನಿರತ್ನಮ್ಮನಿಗೆ ಒಬ್ಬಳು ತಂಗಿ ಇದ್ದಳು, ಪಿಳ್ಳಮ್ಮ. ಮಾನಸ ಹುಟ್ಟುವ ಮುಂಚೆಯೇ ಸತ್ತವಳು. ಅಕ್ಕನಿಗಿಂತ ಮೂರು ವರ್ಷ ಚಿಕ್ಕವಳು, ಅಕ್ಕನಿಗಿಂತ ಬೆಳ್ಳಗಿದ್ದವಳು, ಉದ್ದ ಜಡೆಯವಳು. ಅವಳಿಗೆ ಮೂರ್ಛೆರೋಗವಿತ್ತು. ಕಣ್ಣು ಮೇಲಕ್ಕೆ ಹೋಗಿ, ಕೈಕಾಲು ಸೆಟೆದು ಬೀಳುತ್ತಿದ್ದಳು. ಆಮೇಲೆ ಮೈಯೆಲ್ಲ ಹಸಿ ಬಟ್ಟೆಯಂತಾಗಿ ಎಷ್ಟೋ ಹೊತ್ತು ಮಲಗಿರುತ್ತಿದ್ದಳು. ಒಂದು ಸಲ ಬೆಳಿಗ್ಗೆ ಬಿದ್ದವಳು ದನ ಮನೆಗೆ ಬರುವ ಹೊತ್ತಿಗೆ ಎದ್ದದ್ದೂ ಉಂಟು. ಊರಿನವರು ಅದನ್ನು ಗಾಳಿ ಎಂದರು. ನೋಡಲು ಬಂದ ಗಂಡಿನ ಕಡೆಯವರು ಕಾಫಿ ಕುಡಿದು ಹೋದವರು ಮತ್ತೆ ಬರಲಿಲ್ಲ.

ಪಿಳ್ಳಮ್ಮ ಯಾವಾಗ ಏಳುತ್ತಾಳೆಂದು ತಿಳಿಯುವ ಉಪಾಯ ಮುನಿರತ್ನಮ್ಮನೊಬ್ಬಳಿಗೇ ಗೊತ್ತಿತ್ತು. ಚಿಕ್ಕಂದಿನಿಂದ ಒಂದೇ ಕಂಬಳಿಯಡಿ ಮಲಗಿದವರು. ಅಕ್ಕ ಕತೆ ಹೇಳಬೇಕು, ತಂಗಿ ಹ್ಞೂಗುಟ್ಟಬೇಕು. ಹ್ಞೂ ನಿಂತರೆ ನಿದ್ದೆ ಬಂತೆಂದು ಅರ್ಥ. ಪಿಳ್ಳಮ್ಮ ಮೂರ್ಛೆಬಿದ್ದಾಗ ಅವ್ವ ಕೈಗೆ ಕಬ್ಬಿಣ ಕೊಡುತ್ತಿದ್ದಳು, ಅಪ್ಪ ಪೂಜಾರಿಯನ್ನು ಕರೆತರಲು ಓಡುತ್ತಿದ್ದ. ಅವರೆಲ್ಲ ಆಚೆ ಹೋದ ಮೇಲೆ ಮುನಿರತ್ನಮ್ಮ ತಂಗಿಯ ಕಿವಿಯ ಹತ್ತಿರ ಬಾಗಿ, ಒಂದೂರಲ್ಲಿ ಒಬ್ಬಳು ಮುದುಕಿ ಇದ್ದಳಂತೆ, ಅವಳ ಹಿತ್ತಲಲ್ಲಿ ಒಂದು ಕುಂಬಳಬಳ್ಳಿ ಇತ್ತಂತೆ, ಎಂದು ಶುರುಮಾಡುತ್ತಿದ್ದಳು. ಬಳ್ಳಿ ಬೇಲಿ ಹತ್ತಿ, ಸೂರು ಹತ್ತಿ, ಪಕ್ಕದ ಮನೆಯ ಹೆಂಚಿಗೆ ಕೈಯಿಡುವಷ್ಟರಲ್ಲಿ ಎಲ್ಲೋ ಒಂದು ಕಡೆ, ಕಣ್ಣು ಬಿಡುವುದಕ್ಕೂ ಬೆರಳಾಡಿಸುವುದಕ್ಕೂ ಮುಂಚೆ, ಎದೆಯಾಳದಿಂದ ಒಂದು ಹ್ಞೂ ಬರುತ್ತಿತ್ತು. ತಂಗಿ ವಾಪಸ್ಸು ಬಂದಳೆಂದು ಅಕ್ಕನ ಜೀವಕ್ಕೆ ತಣ್ಣಗಾಗುತ್ತಿತ್ತು. ಇದನ್ನು ಅವರಿಬ್ಬರೂ ಯಾರಿಗೂ ಹೇಳಿರಲಿಲ್ಲ. ಹೇಳುವಂಥ ದೊಡ್ಡ ವಿಷಯ ಎಂದೂ ಅನ್ನಿಸಿರಲಿಲ್ಲ.

ಪಿಳ್ಳಮ್ಮ ಕೊನೆಯ ಸಲ ಬಿದ್ದದ್ದು ಹಿಪ್ಪುನೇರಳೆ ತೋಟದಲ್ಲಿ, ಸೊಪ್ಪು ಬಿಡಿಸುವಾಗ. ಎಷ್ಟು ಹೊತ್ತು ಹಾಗೆ ಬಿದ್ದಿದ್ದಳೋ ಯಾರೂ ನೋಡಲಿಲ್ಲ. ಪಕ್ಕದೂರಿನಿಂದ ಸೈಕಲ್ಲಿನಲ್ಲಿ ಬಂದ ಕಾಂಪೌಂಡರು ಕೈ ಹಿಡಿದು ನೋಡಿ, ಹೋಗಿಬಿಟ್ಟಿದೆ ಎಂದ. ಅವತ್ತು ಶನಿವಾರ, ಮೇಲಾಗಿ ಅಮಾವಾಸ್ಯೆ. ಮದುವೆಯಾಗದ ಹುಡುಗಿ, ಗಾಳಿ ಮೆಟ್ಟಿದವಳು ಬೇರೆ. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕೆಂದು ಊರೇ ಅವಸರ ಮಾಡಿತು. ಮುನಿರತ್ನಮ್ಮ ಕಿವಿಯ ಹತ್ತಿರ ಬಾಗಿ ಕುಂಬಳಬಳ್ಳಿಯ ಕತೆ ಶುರುಮಾಡಿದ್ದಳು. ಬಳ್ಳಿ ಸೂರು ಹತ್ತುವಷ್ಟರಲ್ಲಿ ಹೆಂಗಸರು ಅವಳ ರಟ್ಟೆ ಹಿಡಿದು ಎಬ್ಬಿಸಿದರು, ಹೆಣಕ್ಕೆ ನೀರು ಹಾಕಬೇಕು ಏಳು ಎಂದು. ಕಾಲಿಗೆ ಅರಿಸಿನ ಹಚ್ಚುವಾಗ ಅಂಗಾಲು ಬೆಚ್ಚಗಿತ್ತು.

"ಅವ್ವಾ, ಪಿಳ್ಳಿ ಕಾಲು ಬೆಚ್ಚಗೈತೆ," ಎಂದಳು.

"ಬಿಸಿನೀರು ಹುಯ್ದಿದ್ದೀವಲ್ಲೇ," ಎಂದಳು ಅವ್ವ ಅಮ್ಮಯಮ್ಮ. ಆಮೇಲೆ ಯಾರೂ ಆ ಮಾತೆತ್ತಲಿಲ್ಲ.

ಆ ಸೀಮೆಯಲ್ಲಿ ಹೆಂಗಸರು ಹೆಣದ ಹಿಂದೆ ಹೊಲದವರೆಗೆ ಹೋಗುವುದಿಲ್ಲ. ಊರಬಾಗಿಲಿನ ಬೇವಿನ ಮರದ ತನಕ ಹೋಗಿ, ಅತ್ತು, ಮನೆ ತೊಳೆಯಲು ತಿರುಗಿ ಬರುತ್ತಾರೆ. ಮಣ್ಣು ಮಾಡುವುದು ಗಂಡಸರ ಕೆಲಸ, ಗುಂಡಿಯಲ್ಲಿ ಏನಾಯಿತೆಂಬುದೂ ಗಂಡಸರ ಹತ್ತಿರವೇ ಉಳಿಯುತ್ತದೆ. ಮೂರನೆಯ ದಿನ ಹಾಲುತುಪ್ಪ ಬಿಡಲು ಹೋದಾಗ ಮುನಿರತ್ನಮ್ಮನಿಗೆ ಸಿಕ್ಕಿದ್ದು ಒಂದು ಮಣ್ಣಿನ ದಿಬ್ಬ, ತಲೆಯ ಕಡೆ ನೆಟ್ಟ ಒಂದು ಕಲ್ಲು. ಬಾಯಿ ಇರುವ ಕಡೆ ನೋಡಿ ಹಾಲು ಬಿಡು ಎಂದಿದ್ದರು. ಅಂದಿನಿಂದ ಪ್ರತಿ ಪಿತೃಪಕ್ಷದಲ್ಲೂ ಅಲ್ಲೇ ಬಿಡುತ್ತ ಬಂದಿದ್ದಳು.

ಇಷ್ಟು ವರ್ಷ ಆ ಬೆಚ್ಚನೆಯ ಅಂಗಾಲು ಬಿಸಿನೀರಿನದೆಂದು ನಂಬಿ ಬದುಕಿದ್ದಳು. ಈಗ ಯಾವುದೋ ದೇಶದ, ಯಾವುದೋ ಕಾಲದ ಬಿಳಿ ಗೌನಿನವಳು ಬಂದು ಆ ನಂಬಿಕೆಯನ್ನು ಕಿತ್ತುಕೊಂಡು ಹೋದಳು. ಅಂಥ ಕಾಯಿಲೆ ಇದೆ, ಡಾಕ್ಟರುಗಳೇ ಮೋಸಹೋಗುತ್ತಾರೆ ಎಂದ ಮೇಲೆ ಸೈಕಲ್ಲಿನ ಕಾಂಪೌಂಡರು ಯಾವ ಲೆಕ್ಕ. ಅನ್ನ ಸೇರಲಿಲ್ಲ. ಬಾಗಿಲು ಹಾಕಿದ ಕೋಣೆಯಲ್ಲಿ ಕೂತರೆ ಎದೆಯ ಮೇಲೆ ಮಣ್ಣು ಬಿದ್ದಂತಾಗಿ ಎದ್ದು ಅಂಗಳಕ್ಕೆ ಬರುತ್ತಿದ್ದಳು. ಪಿಳ್ಳಿ ಸತ್ತಿದ್ದಳೇ ಇಲ್ಲವೇ ಎಂಬುದೊಂದು ಗೊತ್ತಾಗಲೇಬೇಕಿತ್ತು. ಗೊತ್ತುಮಾಡಿಕೊಳ್ಳಲು ಉಳಿದಿದ್ದ ದಿನಗಳೂ ಕಮ್ಮಿ. ಅಳತೆಯವರು ಹೊಲದಲ್ಲಿ ಕೆಂಪು ಬಣ್ಣದ ಕಲ್ಲು ನೆಟ್ಟು ಹೋಗಿದ್ದರು. ಸಂಕ್ರಾಂತಿ ಕಳೆದರೆ ಜೆಸಿಬಿ ಬರುತ್ತದೆ, ಸಮಾಧಿಯ ಗುಡ್ಡೆಗಳನ್ನು ಎತ್ತಿಕೊಳ್ಳುವವರು ಎತ್ತಿಕೊಳ್ಳಿ ಎಂದು ಊರಿಗೆಲ್ಲ ಹೇಳಿದ್ದರು.

ಆ ಹೊಲ ಮುನಿರತ್ನಮ್ಮನ ಅಪ್ಪನದು. ಗಂಡುಮಕ್ಕಳಿಲ್ಲದ ಲಕ್ಷ್ಮಯ್ಯ ದೊಡ್ಡ ಮಗಳಿಗೆ ಮದುವೆ ಮಾಡಿ ಅಳಿಯನನ್ನು ಮನೆಯಲ್ಲೇ ಇಟ್ಟುಕೊಂಡಿದ್ದ. ಚಿಕ್ಕವೆಂಕಟಪ್ಪ ಮನೆಅಳಿಯನಾಗಿ ಬಂದ ವರ್ಷವೇ ಪಿಳ್ಳಮ್ಮ ಸತ್ತದ್ದು. ಈಗ ಅಪ್ಪ ಅವ್ವ ಕೂಡ ಅದೇ ಹೊಲದಲ್ಲಿ, ಪಿಳ್ಳಮ್ಮನ ಪಕ್ಕದಲ್ಲಿದ್ದರು.

"ಮೂವರದ್ದೂ ಒಂದೊಂದು ಹಿಡಿ ಮಣ್ಣು ತಂದು ಕೆರೆ ಪಕ್ಕದ ತುಂಡಲ್ಲಿ ಹಾಕಿ ಪೂಜೆ ಮಾಡಿದ್ರಾಯ್ತು. ಎಲ್ರೂ ಹಂಗೇ ಮಾಡ್ತಾವ್ರೆ," ಎಂದ ಚಿಕ್ಕವೆಂಕಟಪ್ಪ. ರಸ್ತೆಗೆ ಹೋಗದೆ ಉಳಿದಿದ್ದು ಅದೊಂದು ತುಂಡು.

"ಅಪ್ಪ ಅವ್ವಂಗೆ ಹಿಡಿ ಮಣ್ಣು ಸಾಕು. ಪಿಳ್ಳಿ ಮೂಳೆ ಎತ್ತಬೇಕು."

"ಯಾಕೆ?"

"ನೋಡ್ಬೇಕು ನಾನು."

ಅವನು ಅವಳ ಮುಖ ನೋಡಲಿಲ್ಲ. "ಲೇ ರತ್ನಿ, ಟೀವಿ ನೋಡಿ ತಲೆ ಕೆಡಿಸ್ಕೋಬೇಡ. ಮಲಗಿರೋಳನ್ನ ಮಲಗಕ್ಕೆ ಬಿಡು."

"ಅವಳನ್ನ ಮಲಗಕ್ಕೆ ಬಿಡೋಕೆ ಆ ಜೆಸಿಬಿ ಏನು ನಿಮ್ಮ ನೆಂಟನಾ," ಎಂದಳು. ಅವನು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ. ಆಮೇಲೆ ಎರಡು ಮೂರು ಸಲ ಬೇರೆ ಬೇರೆ ದಾರಿಯಲ್ಲಿ ಬಂದು ಅದೇ ಮಾತು ಹೇಳಿದ. ಹೆಣ್ಣುಮಕ್ಕಳು ಗುಡ್ಡೆ ತೆಗೆಯುವುದನ್ನು ನೋಡಬಾರದು ಎಂದ, ಮಾನಸಳಿಗೆ ಗಂಡು ನೋಡುವ ಹೊತ್ತಿನಲ್ಲಿ ಇದೆಲ್ಲ ಯಾಕೆ ಎಂದ. ಮುನಿರತ್ನಮ್ಮ ಕೇಳಲಿಲ್ಲ. ಸಾಧು ಹೆಂಗಸು, ಆದರೆ ಹಟ ಹಿಡಿದರೆ ಬಿಡುವವಳಲ್ಲ ಎಂಬುದು ಅವನಿಗೂ ಗೊತ್ತಿತ್ತು.

ಊರಿನಲ್ಲಿ ಗುಂಡಿ ತೋಡುವ ಬೈಲಪ್ಪ ಗುದ್ದಲಿ, ಸಲಿಕೆ ತಂದ. ಬಿಸಿಲೇರುವ ಮುಂಚೆ ಮೂವರೇ ಹೊಲಕ್ಕೆ ಹೋದರು. ಆಚೆ ಬದಿಯ ಹೊಲಗಳಲ್ಲಿ ಆಗಲೇ ಕೆಲಸ ನಡೆದಿತ್ತು. ಟಿಪ್ಪರ್ ಲಾರಿಗಳ ಕೆಂಧೂಳು ಹೊಗೆಯಂತೆ ಎದ್ದು ಹಿಪ್ಪುನೇರಳೆ ಎಲೆಗಳ ಮೇಲೆಲ್ಲ ಕೂತಿತ್ತು. ಬೈಲಪ್ಪ ಕೈಮುಗಿದು ಅಗೆಯಲು ಶುರುಮಾಡಿದ. ಮುನಿರತ್ನಮ್ಮ ತಲೆಯ ಕಡೆಯ ಕಲ್ಲಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತಳು. ಚಿಕ್ಕವೆಂಕಟಪ್ಪ ಬದುವಿನ ಮೇಲೆ ನಿಂತವನು ಹತ್ತಿರ ಬರಲಿಲ್ಲ.

ಮಣ್ಣು ಮೆತ್ತಗಿತ್ತು. ಎದೆಯುದ್ದ ಅಗೆದ ಮೇಲೆ ಬೈಲಪ್ಪ ಸಲಿಕೆ ಮೇಲಿಟ್ಟು ಕೈಯಲ್ಲಿ ಮಣ್ಣು ಬಳಿಯತೊಡಗಿದ. ಮೊದಲು ಕಂಡದ್ದು ದುಂಡಗಿನ ತಲೆಬುರುಡೆ. ಅದಕ್ಕೆ ಅಂಟಿಕೊಂಡಂತೆ, ಮಣ್ಣಿನ ಬಣ್ಣಕ್ಕೆ ತಿರುಗಿದ ಜಡೆಯ ಎಳೆಗಳು. ಬೈಲಪ್ಪ ಇನ್ನಷ್ಟು ಮಣ್ಣು ಬಳಿದ, ಆಮೇಲೆ ಕೈ ನಿಲ್ಲಿಸಿದ. ಕಣ್ಣು ಇರಬೇಕಾದ ಕಡೆ ಗುಳಿಯಿರಲಿಲ್ಲ, ಬಾಯಿ ಇರಬೇಕಾದ ಕಡೆ ಹಲ್ಲಿರಲಿಲ್ಲ. ಮೇಲೆ ಕಾಣುತ್ತಿದ್ದುದು ತಲೆಯ ಹಿಂಬದಿ, ಹೆಡಕು, ಅದರ ಕೆಳಗೆ ಬೆನ್ನುಮೂಳೆ.

"ಅಕ್ಕಾ, ನೀವು ಆ ಕಡೆ ಹೋಗಿ," ಎಂದ ಬೈಲಪ್ಪ.

ಮುನಿರತ್ನಮ್ಮ ಹೋಗಲಿಲ್ಲ. ಅವಳಿಗೆ ಎಲ್ಲವೂ ಒಂದೇ ಸಲಕ್ಕೆ ಕಂಡುಬಿಟ್ಟಿತು. ಕತ್ತಲೆಯಲ್ಲಿ ಎಚ್ಚರವಾದ ಪಿಳ್ಳಿ, ಬಾಯಿ ಬಿಟ್ಟರೆ ಮಣ್ಣು, ಅಕ್ಕಾ ಎಂದು ಕೂಗಲೂ ಆಗದೆ ಮಗ್ಗಲು ತಿರುಗಿ ಬೆನ್ನು ಕೊಟ್ಟು ಮಣ್ಣೆತ್ತಲು ನೋಡಿದ ಪಿಳ್ಳಿ. ಊರಿನಲ್ಲಿ ಎಲ್ಲರೂ ಶನಿವಾರದ ಮೈಲಿಗೆ ತೊಳೆದುಕೊಂಡು ಉಣ್ಣಲು ಕೂತಿದ್ದ ಹೊತ್ತು ಅದು. ತಾನೂ ಉಂಡಿದ್ದೆ ಎಂಬುದು ಅವಳಿಗೆ ನೆನಪಾಯಿತು. ಮುದ್ದೆ, ಸೊಪ್ಪಿನ ಸಾರು. ಅವಳ ಗಂಟಲಿನಿಂದ ಬಂದ ಸದ್ದಿಗೆ ಬೈಲಪ್ಪ ಗುಂಡಿಯ ಗೋಡೆಗೆ ಒರಗಿಕೊಂಡ. ಅವಳು ಎರಡೂ ಕೈಯಲ್ಲಿ ಮಣ್ಣು ತೆಗೆದು ತಲೆಯ ಮೇಲೆ ಸುರಿದುಕೊಳ್ಳತೊಡಗಿದಳು.

"ಬದುಕಿದ್ಲು. ಬದುಕಿದ್ಲು ನನ್ನ ತಂಗಿ. ಕಾಲು ಬೆಚ್ಚಗೈತೆ ಅಂದೆ, ಯಾರೂ ಕೇಳಲಿಲ್ಲ."

ಚಿಕ್ಕವೆಂಕಟಪ್ಪ ಓಡಿಬಂದು ಅವಳ ಕೈ ಹಿಡಿದ. ಬೈಲಪ್ಪನಿಗೆ ದೂರ ಹೋಗಿ ಬೀಡಿ ಸೇದಿಕೊಂಡು ಬಾ ಎಂದ. ಬೈಲಪ್ಪ ಹೋದ ಮೇಲೆ ಅವಳ ಪಕ್ಕದಲ್ಲಿ ಕೂತ.

"ತಿರುಗಿಕೊಂಡಿಲ್ಲ ಕಣೆ ಅವಳು. ನಾವೇ ಹಂಗೆ ಹಾಕಿದ್ದು."

ಅವಳು ಅಳು ನಿಲ್ಲಿಸಿ ಅವನ ಮುಖ ನೋಡಿದಳು.

"ಅಮಾಸೆ ಶನಿವಾರದ ಹೆಣ, ಗಾಳಿ ಮೆಟ್ಟಿದ್ದು, ಎದ್ದು ಬಂದ್ರೆ ಮೊದ್ಲು ಅಕ್ಕನ್ನೇ ಹಿಡ್ಕೊಳ್ತಾಳೆ ಅಂದ್ರು ದೊಡ್ಡೋರು. ಬೋರಲು ಹಾಕಿದ್ರೆ ಎದ್ದರೂ ಕೆಳಕ್ಕೇ ಹೋಗ್ತಾಳೆ, ಮನೆ ದಾರಿ ಸಿಗಲ್ಲ ಅಂತ. ನೀನಾಗ ಮೊದಲ ಬಸುರಿ. ನಿಮ್ಮಪ್ಪ ಒಪ್ಕೊಂಡ್ರು. ಹೆಂಗಸರಿಗೆ ಹೇಳಬಾರದು ಅಂತ ಅಲ್ಲೇ ಆಣೆ ಹಾಕಿಸ್ಕೊಂಡ್ರು. ಅವತ್ತಿದ್ದೋರಲ್ಲಿ ಈಗ ಉಳಿದಿರೋನು ನಾನೊಬ್ನೇ."

ಮುನಿರತ್ನಮ್ಮನಿಗೆ ಉಸಿರು ಬಂತು. ಒಂದು ಕ್ಷಣ, ಒಂದೇ ಒಂದು ಕ್ಷಣ, ಗಂಡನ ಆ ಮಾತು ತಣ್ಣೀರಿನಂತೆ ಇಳಿಯಿತು. ತಂಗಿ ಒದ್ದಾಡಿಲ್ಲ. ಮಣ್ಣಿನೊಳಗೆ ಯಾವ ಎಚ್ಚರವೂ ಆಗಿಲ್ಲ. ಆಮೇಲೆ ನಿಧಾನಕ್ಕೆ ಇನ್ನೊಂದು ಅರ್ಥವಾಯಿತು. ಹೆತ್ತ ಅಪ್ಪನೇ ಆ ಮುಖವನ್ನು ಮಣ್ಣಿಗೆ ಒತ್ತಿಸಿದ್ದ. ಇಷ್ಟು ವರ್ಷ ತಾನು ಬಾಯಿಗೆಂದು ಬಿಟ್ಟ ಹಾಲು ಹೆಡಕಿಗೆ ಬಿದ್ದಿತ್ತು, ತಂಗಿಯ ಬಾಯಿಗೆ ಒಂದು ತೊಟ್ಟೂ ಹೋಗಿರಲಿಲ್ಲ. ಇದನ್ನೆಲ್ಲ ತಿಳಿದೂ ಈ ಮನುಷ್ಯ ಪ್ರತಿ ವರ್ಷ ಪಕ್ಕದಲ್ಲಿ ನಿಂತು ಚೊಂಬು ಹಿಡಿದಿದ್ದ.

"ಗುಂಡಿಗಿಳಿದಿದ್ದು ಯಾರು?" ಎಂದು ಕೇಳಿದಳು.

"ನಾನೇ. ವಯಸ್ಸಿನೋನು ಅಂತ ನನ್ನೇ ಇಳಿಸಿದ್ರು. ಮೇಲಿಂದ ಅವರು ಕೊಟ್ರು, ನಾನು ಹಿಡ್ಕೊಂಡೆ."

"ನಿಜ ಹೇಳಿ. ಸತ್ತಿದ್ಲಾ?"

"ಸತ್ತಿದ್ಲು ಕಣೆ. ನನ್ನ ತೋಳಲ್ಲೇ ಇದ್ಲಲ್ಲ. ಕಣ್ಣು ಬಿಡಲಿಲ್ಲ, ಕೈಕಾಲು ಆಡಲಿಲ್ಲ. ತಿರುಗಿಸಿ ಬೋರಲು ಹಾಕೋವಾಗ ಎದೆಯಿಂದ ಒಂದು ಸದ್ದು ಬಂತು, ಅಷ್ಟೇ. ನನಗೆ ಜೀವ ಹೋದಂಗಾಯ್ತು, ಮಾವನ ಮುಖ ನೋಡ್ದೆ. ಹೆಣದೊಳಗಿನ ಗಾಳಿ ಕಣಯ್ಯಾ, ಹೊತ್ತು ಮುಳುಗ್ತೈತೆ, ಮೇಲೆ ಬಾ ಅಂದ್ರು. ಅದೊಂದು ಬಿಟ್ರೆ ಏನೂ ಇಲ್ಲ. ದೇವರಾಣೆಗೂ ಏನೂ ಇಲ್ಲ."

"ಎಂಥ ಸದ್ದು?"

ಇಷ್ಟು ವರ್ಷ ಹೊತ್ತಿದ್ದನ್ನು ಇಳಿಸಿಬಿಡುವ ಅವಸರ ಅವನಿಗೆ. ಹೆಂಡತಿಗೆ ಸಮಾಧಾನವಾಗುತ್ತದೆ ಎಂದೇ ಅವನು ಹೇಳಿದ್ದು.

"ಹ್ಞೂ ಅಂದಂಗೆ," ಎಂದ.

ಮುನಿರತ್ನಮ್ಮ ಮತ್ತೆ ಅಳಲಿಲ್ಲ. ಅವನು ನೀರಿನ ಬಾಟಲಿ ತಂದುಕೊಟ್ಟ, ಈಗಲಾದರೂ ಮನಸ್ಸು ಗಟ್ಟಿ ಮಾಡಿಕೋ ಎಂದ. ಅವನಿಗೆ ಹೇಗೆ ತಿಳಿಯಬೇಕು. ಬೆರಳಾಡುವುದಕ್ಕೂ ಕಣ್ಣು ಬಿಡುವುದಕ್ಕೂ ಮುಂಚೆ ಯಾವುದು ಬರುತ್ತಿತ್ತೆಂದು ಗೊತ್ತಿದ್ದವಳು ಬೇವಿನ ಮರದ ಹತ್ತಿರ ನಿಂತು ಅತ್ತು, ಮನೆ ತೊಳೆಯಲು ತಿರುಗಿ ಹೋಗಿದ್ದಳು. ಅದು ಹೆಣದೊಳಗಿನ ಗಾಳಿಯೇ ಇರಬಹುದು. ತಿರುಗಿಸಿದರೆ ಹೆಣವೂ ಸದ್ದು ಮಾಡುತ್ತದಂತೆ. ಇರಬಹುದು, ಅಲ್ಲದೆಯೂ ಇರಬಹುದು. ಹೇಳುವವರು ಯಾರೂ ಇರಲಿಲ್ಲ. ಇನ್ನು ಅವಳು ಬದುಕಿರುವಷ್ಟು ದಿನ ಇದನ್ನು ಕಟ್ಟಿಕೊಂಡೇ ಬದುಕಬೇಕಿತ್ತು. ಸಿನಿಮಾದ ಆ ದೊರೆಗಾದರೂ ಹುಚ್ಚು ಹಿಡಿದು ಕತೆ ಮುಗಿದಿತ್ತು.

ಬೈಲಪ್ಪ ತಿರುಗಿ ಬಂದು ಮೂಳೆಗಳನ್ನು ಒಂದೊಂದಾಗಿ ಎತ್ತಿಕೊಟ್ಟ. ಕೈಮೂಳೆಗಳು ಎದೆಯಡಿಯಲ್ಲಿದ್ದವು, ಜೊತೆಗೆ ಹಸಿರು ಗಾಜಿನ ಬಳೆಚೂರು. ಕೈ ಮೊದಲೇ ಹಾಗಿತ್ತೋ ಆಮೇಲೆ ಹಾಗಾಯಿತೋ ಎಂದು ಅವಳು ಗಂಡನನ್ನು ಕೇಳಲಿಲ್ಲ. ಎಲ್ಲವನ್ನೂ ಹೊಸ ಬಿಳಿ ಬಟ್ಟೆಗೆ ತೆಗೆದುಕೊಂಡು, ಅಪ್ಪ ಅವ್ವನ ಹೆಸರಿನ ಮಣ್ಣನ್ನು ಬೇರೆ ಬೇರೆ ಗಂಟು ಕಟ್ಟಿ, ಆಟೋದಲ್ಲಿ ಕೆರೆಯ ಪಕ್ಕದ ತುಂಡಿಗೆ ಹೋದರು. ಅಲ್ಲಿ ಬೈಲಪ್ಪ ಹೊಸ ಗುಂಡಿಗಳನ್ನು ತೋಡಿದ. ಅಪ್ಪನ ಮಣ್ಣಿನ ಗಂಟನ್ನು ಅವಳು ಮುಟ್ಟಲಿಲ್ಲ, ಚಿಕ್ಕವೆಂಕಟಪ್ಪನೇ ಇಳಿಸಿದ. ಪಿಳ್ಳಮ್ಮನ ಗುಂಡಿಗೆ ಅವಳೇ ಇಳಿದಳು. ಹೆಂಗಸರು ಇಳಿಯಬಾರದು ಎಂದು ಈ ಸಲ ಯಾರೂ ಹೇಳಲಿಲ್ಲ. ಬುರುಡೆಯನ್ನು ಆಕಾಶ ನೋಡುವಂತೆ ಇಟ್ಟಳು. ಅದು ಎರಡು ಸಲ ಪಕ್ಕಕ್ಕೆ ವಾಲಿತು. ಎರಡು ಕಡೆಯೂ ಮಣ್ಣು ಒತ್ತುಕೊಟ್ಟು ನಿಲ್ಲಿಸಿದಳು. ಬಾಯಿ ಇದ್ದ ಕಡೆ ಹಾಲು ಬಿಟ್ಟಳು.

ಆಮೇಲೆ ಮೇಲೆ ಬಂದು ಗುಂಡಿಯ ಅಂಚಿನಲ್ಲಿ ಕೂತು, ಕೆಳಗೆ ಬಾಗಿ, ಮೆಲ್ಲನೆ ಶುರುಮಾಡಿದಳು.

"ಒಂದೂರಲ್ಲಿ ಒಬ್ಬಳು ಮುದುಕಿ ಇದ್ಲಂತೆ. ಅವಳ ಹಿತ್ತಲಲ್ಲಿ ಒಂದು ಕುಂಬಳಬಳ್ಳಿ ಇತ್ತಂತೆ. ಬಳ್ಳಿ ಬೇಲಿ ಹತ್ತಿತಂತೆ. ಬೇಲಿ ಹತ್ತಿ ಸೂರು ಹತ್ತಿತಂತೆ."

ಅವತ್ತು ಹೆಂಗಸರು ರಟ್ಟೆ ಹಿಡಿದು ಎಬ್ಬಿಸಿದ್ದು ಅಲ್ಲಿಗೆ. ಅವಳು ನಿಲ್ಲಿಸಿ ಕಾದಳು.

ಹಿಂದೆ ಸಲಿಕೆ ಹಿಡಿದು ನಿಂತಿದ್ದ ಚಿಕ್ಕವೆಂಕಟಪ್ಪ ಹೆಂಡತಿಯ ಸ್ಥಿತಿ ನೋಡಿ ಒಂದು ಹೆಜ್ಜೆ ಹತ್ತಿರ ಬಂದ. ಕತೆ ಹೇಳುವವರು ನಿಲ್ಲಿಸಿದರೆ ಕೇಳುವವರು ಏನು ಮಾಡಬೇಕೆಂದು ಎಲ್ಲರಿಗೂ ಗೊತ್ತಿರುವುದೇ. ಅವನು ಮೆತ್ತಗೆ, "ಹ್ಞೂ," ಎಂದ.

ಮುನಿರತ್ನಮ್ಮ ಎದ್ದಳು. ಸೆರಗಿನ ಮಣ್ಣು ಕೊಡವಿ, ಅವನ ಕಡೆ ತಿರುಗದೆ, ಆಟೋ ನಿಂತಿದ್ದ ಕಡೆಗೆ ನಡೆದು ಹೋದಳು. ಬೈಲಪ್ಪ ಮಣ್ಣೆಳೆಯತೊಡಗಿದ.